ಕುಲುಮೆಯ ಮುಂದಿನ ಪಾಠ

ಜೂನ್ 20, ಶುಕ್ರವಾರ. ಕಿಕ್ಕೇರಿ

ನಾಳೆಯ ಯೋಗ ದಿನಕ್ಕೆ ನಾನು ಶೀರ್ಷಾಸನ ಮಾಡಿಸಬೇಕಂತೆ. ‘ಬರೀ ಕೈಕಾಲು ಆಡ್ಸಿದ್ರೆ ಜನ ನೋಡ್ತಾರಾ ಮೇಷ್ಟ್ರೇ?’ ಎಂದರು ಕಾರ್ಯಕ್ರಮ ನಡೆಸುವ ಮೋಹನ್ ಕುಮಾರ್. ಆ ಮಾತು ಇನ್ನೂ ಚುಚ್ಚುತ್ತಿದೆ.

ಮೈಸೂರಿನಲ್ಲಿ ಎರಡು ವರ್ಷ ಕಲಿತು ಬಂದ ಹೊಸದರಲ್ಲಿ ನನಗೂ ಅದೇ ಹುಚ್ಚಿತ್ತು. ಮೊದಲ ವಾರವೇ ಒಬ್ಬರ ಬೆನ್ನು ಒತ್ತಿ ಬಗ್ಗಿಸಿದೆ. ಅವರು ಮತ್ತೆ ತರಗತಿಗೆ ಬರಲಿಲ್ಲ. ಕುಲುಮೆಯ ಮುಂದೆ ಕೂತಿದ್ದ ಅಪ್ಪ ತಲೆಯೆತ್ತದೆ ಹೇಳಿದ್ದರು: ‘ತಣ್ಣಗಿರೋ ಕಬ್ಬಿಣ ಬಗ್ಗಿಸಿದ್ರೆ ಮುರೀತದೆ ಕಣ್ಲಾ. ಮೊದ್ಲು ಕಾಯ್ಸು.’ ನನ್ನ ಪ್ರಮಾಣಪತ್ರದಲ್ಲಿ ಆ ಗುರುವಿನ ಹೆಸರಿಲ್ಲ. ಅಂದಿನಿಂದ ಅರ್ಧ ಗಂಟೆ ಮೈ ಕಾಯಿಸಿದ ಮೇಲೇ ಆಸನ. ಯಾರನ್ನೂ ಒತ್ತಿ ಬಗ್ಗಿಸಿಲ್ಲ.

ನನ್ನ ತರಗತಿಗೆ ಬರುವ ಮಂಡಿನೋವಿನ ಚಲುವಮ್ಮ ನಾಲ್ಕು ವರ್ಷದಿಂದ ಕುರ್ಚಿ ಮೇಲೆ ಕೂತೇ ಉಣ್ಣುತ್ತಿದ್ದರು. ಇವತ್ತು ಬೆಳಗ್ಗೆ ಚಾಪೆ ಹಾಸುವ ಮೊದಲೇ ಅಂದರು: ‘ರಾತ್ರಿ ಎಲ್ಲರ ಜತೆ ನೆಲದ ಮ್ಯಾಲೆ ಕೂತ್ಕಂಡು ಮುದ್ದೆ ಉಂಡೆ ಕಣ್ ಮೇಷ್ಟ್ರೇ. ಏಳೋವಾಗ ಗೋಡೆ ಇಡ್ಕಳ್ನಿಲ್ಲ!’

ಎದೆ ಉಬ್ಬಿತು. ಉಬ್ಬಲಿ ಬಿಡು, ಈ ಡೈರಿಯಲ್ಲಿ ನೋಡುವವರು ಯಾರು?

ಈಗಷ್ಟೇ ಮೋಹನ್ ಕುಮಾರ್‌ಗೆ ಫೋನ್ ಮಾಡಿದೆ. ಶೀರ್ಷಾಸನ ಇಲ್ಲ, ಚಲುವಮ್ಮ ವೇದಿಕೆ ಮೇಲೆ ನೆಲಕ್ಕೆ ಕೂರುತ್ತಾರೆ, ಆಮೇಲೆ ಏಳುತ್ತಾರೆ ಎಂದೆ.

‘ಅಷ್ಟೇನಾ?’ ಎಂದರು.

‘ಅಷ್ಟೇ’ ಎಂದೆ.