ಅಮ್ಮಂದಿರಿದ್ದ ಅನಾಥರು

ಮಾವ,

ಎಂದಿನಂತೆ 'ಪ್ರೀತಿಯ' ಎಂದು ಬರೆದು, ಹೊಡೆದುಹಾಕಿ, ಬೇರೆ ಹಾಳೆ ತೆಗೆದುಕೊಂಡೆ. ಪೊಲೀಸರು ನಿಮ್ಮನ್ನು ಕರೆದೊಯ್ದು ಒಂಬತ್ತು ದಿನವಾಯಿತು. ದೂರು ಕೊಟ್ಟವರು ಯಾರೆಂದು ಬಂದವರನ್ನೆಲ್ಲ ಕೇಳುತ್ತಿದ್ದೀರಂತೆ. ನಾನೇ, ಮಾವ.

ಅಪ್ಪ ಹೋದ ಮೇಲೆ ತಂಗಿಯ ಮಗಳೆಂದು ನನ್ನನ್ನು ಓದಿಸಿದವರು ನೀವು. ಪ್ರವಾಸಿಗರ ಗೈಡ್ ಕೆಲಸಕ್ಕೆ ಹಚ್ಚಿದವರೂ ನೀವೇ. ಆರು ವರ್ಷ, ಕೋಟೆ ಮತ್ತು ಹಳೇ ಪೇಟೆ ತೋರಿಸಿಯಾದ ಮೇಲೆ ನಿಮ್ಮ ಅನಾಥಾಲಯದ ಮುಂದೆ ವ್ಯಾನ್ ನಿಲ್ಲಿಸುತ್ತಿದ್ದೆ. ಹದಿನಾಲ್ಕು ಮಕ್ಕಳು ಸಾಲಾಗಿ ನಿಂತು ಹಾಡುತ್ತಿದ್ದರು. ಬಂದವರು ಕಣ್ಣೊರೆಸಿಕೊಂಡು ಫೋಟೊ ತೆಗೆಯುತ್ತಿದ್ದರು. 'ಎಂಥಾ ಕಲ್ಲು ಮನಸ್ಸೂ ಇಲ್ಲಿ ಕರಗುತ್ತೆ ನೋಡು' ಎನ್ನುತ್ತಿದ್ದಿರಿ. ನಮ್ಮ ಮಾವ ಎಂದು ನಾನು ಹಿಗ್ಗುತ್ತಿದ್ದೆ.

ಕಳೆದ ತಿಂಗಳು ಒಂದು ಗುಂಪನ್ನು ಬೆಟ್ಟದ ಮೇಲಿನ ಹಳ್ಳಿಗೆ ಕರೆದೊಯ್ದಿದ್ದೆ. ಚಹಾದಂಗಡಿಯ ಹೆಂಗಸು ಲೋಟ ಇಡುವಾಗ ಬೆಂಚಿನ ಮೇಲಿದ್ದ ನಿಮ್ಮ ಅನಾಥಾಲಯದ ಕರಪತ್ರ ನೋಡಿದಳು. ಕೈ ಒರೆಸಿಕೊಂಡು ಅದನ್ನೆತ್ತಿ, ಫೋಟೊದ ಮುಂದಿನ ಸಾಲಿನಲ್ಲಿ ನಿಂತ, ಹಲ್ಲು ಬಿದ್ದ ಹುಡುಗಿಯ ಮೇಲೆ ಬೆರಳಿಟ್ಟಳು. 'ಅಯ್ಯೋ, ನನ್ನ ಮಗಳು! ಓದಿಸ್ತೀನಿ ಅಂತ ಒಬ್ರು ದೊಡ್ಡ ಮನುಷ್ಯರು ಕರ್ಕೊಂಡು ಹೋಗಿ ಎರಡು ವರ್ಷ ಆಯ್ತು. ಚೆನ್ನಾಗಿದ್ದಾಳಾ?'

ಫೋಟೊದ ಕೆಳಗೆ 'ಈ ಕಂದಮ್ಮಗಳಿಗೆ ಯಾರೂ ಇಲ್ಲ' ಎಂದು ಅಚ್ಚಾಗಿತ್ತು. ಬರೆದುಕೊಟ್ಟವಳು ನಾನು. ಆಕೆಗೆ ಓದು ಬರುತ್ತಿರಲಿಲ್ಲ. ಚೆನ್ನಾಗಿದ್ದಾಳೆ ಎಂದು ಹೇಳಿ, ಕರಪತ್ರ ಮಡಚಿ ಚೀಲಕ್ಕೆ ಹಾಕಿಕೊಂಡೆ.

ಮರುದಿನ ಬೆಳಿಗ್ಗೆಯೇ ನಿಮ್ಮಲ್ಲಿಗೆ ಓಡಿ ಬಂದೆ. ಏನೋ ತಪ್ಪು ತಿಳಿದಿದ್ದಾಳೆ ಎಂದು ನೀವು ಅಂದಿದ್ದರೆ ಸಾಕಿತ್ತು, ನಂಬಿಬಿಡುತ್ತಿದ್ದೆ. ನೀವು ಪೆನ್ನಿನ ಮುಚ್ಚಳ ಹಾಕುತ್ತಾ, 'ಅಪ್ಪ ಅಮ್ಮ ಇದ್ದಾರೆ ಅಂದ್ರೆ ಯಾರೇ ನೋಡೋಕೆ ಬರ್ತಾರೆ?' ಎಂದಿರಿ. ಅಷ್ಟರಲ್ಲಿ ಅಂಗಳದಲ್ಲಿ ಕಾರು ಬಂದು ನಿಂತಿತು. ನಾನು ಕರೆತಂದಿರದ ಪ್ರವಾಸಿಯೊಬ್ಬ ಅದೇ ಹುಡುಗಿಯನ್ನು ಒಬ್ಬಳನ್ನೇ ಹತ್ತಿಸಿಕೊಳ್ಳುತ್ತಿದ್ದ. 'ಊರು ತೋರಿಸಿ ಸಂಜೆ ಬಿಡ್ತಾರಂತೆ. ಒಳ್ಳೆ ಜನ' ಎಂದಿರಿ. ಯಾರು, ಏನು ಹೆಸರು ಎಂದು ಕೇಳಿದೆ. ನಿಮಗೆ ಗೊತ್ತಿರಲಿಲ್ಲ. ಆತನ ಹೆಸರು ಕೂಡ ಗೊತ್ತಿರಲಿಲ್ಲ, ಮಾವ!

ಹೇಗೆ ಓಡಿದೆನೋ, ಕಾರಿಗೆ ಅಡ್ಡ ನಿಂತೆ. ಮಗುವನ್ನು ಇಳಿಸಿಕೊಂಡೆ. ಆತ ಯಾಕೆಂದು ಸಹ ಕೇಳದೆ ಹೊರಟುಹೋದ. ಗೇಟಿನ ಹೊರಗೆ ಕುಳಿತು, 'ನಿಮ್ಮಮ್ಮನ್ನ ನೋಡಿದೆ ಪುಟ್ಟಿ' ಎಂದೆ. ಅವಳು ಕೈಕಟ್ಟಿ ನಿಂತು, ಕಲಿಸಿದ ನಗು ನಕ್ಕು, 'ನನಗೆ ಯಾರೂ ಇಲ್ಲ. ನೀವು ಬಂದಿದ್ದು ತುಂಬಾ ಸಂತೋಷ' ಎಂದಳು. ಅವಳ ಕೈ ಹಿಡಿದುಕೊಂಡೇ ಮಕ್ಕಳ ಸಹಾಯವಾಣಿಗೆ ಫೋನ್ ಮಾಡಿದೆ.

ಹದಿನಾಲ್ವರಲ್ಲಿ ಹನ್ನೊಂದು ಮಕ್ಕಳಿಗೆ ಹೆತ್ತವರಿದ್ದಾರೆ. ಚಹಾದಂಗಡಿಯ ತಾಯಿ ಹೊಸ ಲಂಗ ಹೊಲಿಸಿಕೊಂಡು ಬಂದಿದ್ದಳು, ಎರಡು ವರ್ಷದ ಹಿಂದಿನ ಅಳತೆಗೆ. ಮಗಳ ಸೊಂಟಕ್ಕೆ ಹಿಡಿದು ಹಿಡಿದು ನೋಡುತ್ತಿದ್ದಳು.

ಅಮ್ಮನಿಗೆ ಎಲ್ಲ ಹೇಳಿದೆ. 'ತವರು ಅಂತ ನನಗಿದ್ದಿದ್ದು ಅವನೊಬ್ಬನೇ ಕಣೇ' ಎಂದು ಗೋಡೆಗೆ ಮುಖ ಮಾಡಿ ಮಲಗಿದಳು. ಮೂರನೆಯ ದಿನ ತಾನಾಗಿ ಎದ್ದು ಕೂತು ಕೇಳಿದಳು: 'ಇದಕ್ಕೂ ಮುಂಚೆ ಎಷ್ಟು ಮಕ್ಕಳನ್ನ ಕಾರು ಹತ್ತಿಸಿದ್ದ?'

ಆರು ವರ್ಷ ನಾನು ಕರೆತಂದವರ ಹೆಸರುಗಳನ್ನೆಲ್ಲ ಬರೆದು ಪೊಲೀಸ್ ಅಧಿಕಾರಿಗೆ ಕೊಟ್ಟಿದ್ದೇನೆ. ಅಪರಾಧದಲ್ಲಿ ನನ್ನ ಪಾಲೆಷ್ಟೆಂದು ಅವರೇ ಹೇಳಲಿ. ಅಮ್ಮ ಕೇಳಿದ್ದಕ್ಕೆ ನೀವೇ ಉತ್ತರ ಹೇಳಬೇಕು.

ನಿಮ್ಮ ಆಶೀರ್ವಾದ ಬೇಡಲಾರೆ. ಕಾರು ಹತ್ತಿದ ಒಂದು ಮಗುವಿನ ಮುಖವೂ ಮರೆಯದಂಥ ನೆನಪನ್ನು ದೇವರು ನಿಮಗೆ ಕೊಡಲಿ.

ಇಂತು,
ನೀವು ಎತ್ತಿ ಆಡಿಸಿದ ಹುಡುಗಿ