ನಿಮ್ಮ ಕುರ್ಚಿಯಲ್ಲಿ ಕೂತವಳು

ಗರಿಯಾಹಾಟ್, ಕೋಲ್ಕತಾ
೧೪ ಮಾರ್ಚ್ ೨೦೦೪

ಪ್ರೀತಿಯ ಮೇಧಕ್ಕನಿಗೆ,

ನಮಸ್ಕಾರ. ನೀವು ನನ್ನನ್ನು ಕಂಡಿಲ್ಲ. ಸಾಲ್ಟ್ ಲೇಕಿನ ಆಫೀಸಿನಲ್ಲಿ ನಾಲ್ಕು ತಿಂಗಳಿಂದ ನಿಮ್ಮ ಕುರ್ಚಿಯಲ್ಲಿ ಕೂತಿರುವ ಸುಲೋಚನಾ ನಾನು. ಇಷ್ಟು ಓದಿದ ಕೂಡಲೇ ಕಾಗದ ಹರಿಯಬೇಕು ಎನ್ನಿಸಿದರೆ ತಪ್ಪಿಲ್ಲ, ಆದರೆ ಪೂರ್ತಿ ಓದಿ ಹರಿಯಿರಿ.

ನಿಮ್ಮನ್ನು ಕೆಲಸದಿಂದ ತೆಗೆದ ದಿನ ಘೋಷಾಲ್ ಸಾಹೇಬರು, ಪ್ರೋಗ್ರಾಮರ್ ಅಂದರೆ ಬಲ್ಬ್ ಇದ್ದ ಹಾಗೆ, ಒಂದು ತೆಗೆದು ಇನ್ನೊಂದು ಹಾಕಿದರಾಯಿತು ಎಂದರಂತೆ. ಆಮೇಲೆ ಆಸ್ಪತ್ರೆಯವರು ನೀವು ಬರೆದುಕೊಟ್ಟ ರಕ್ತಪರೀಕ್ಷೆಯ ಪ್ರೋಗ್ರಾಮಿನಲ್ಲಿ ಏನೋ ಬದಲಾವಣೆ ಕೇಳಿದರು. ತೆರೆದು ನೋಡಿದರೆ ಹೆಜ್ಜೆಹೆಜ್ಜೆಗೂ ನಿಮ್ಮ ಟಿಪ್ಪಣಿ, ಇಂಗ್ಲಿಷ್ ಅಕ್ಷರಗಳಲ್ಲಿ ಅಚ್ಚ ಕನ್ನಡ! ಪಕ್ಕದ ಆಫೀಸಿನ ತೆಲುಗಿನವರಿಗೆ ತೋರಿಸಿದರಂತೆ, ಅವರೂ ಕೈಚೆಲ್ಲಿದರು. ಕೊನೆಗೆ ಕನ್ನಡ ಸಂಘದಲ್ಲಿ ವಿಚಾರಿಸಿ ನನ್ನನ್ನು ಹುಡುಕಿದರು. ಜಾವಾ ಬರುತ್ತದೆಯೇ ಎಂದು ಕೇಳುವ ಮೊದಲು ಕನ್ನಡ ಬರುತ್ತದೆಯೇ ಎಂದು ಕೇಳಿದ ಕಂಪನಿ ಈ ಊರಲ್ಲಿ ಇದೊಂದೇ ಇರಬೇಕು.

ಯಾರೂ ಮುಟ್ಟಬಾರದೆಂದೇ ನೀವು ಹೀಗೆ ಬರೆದಿದ್ದೀರಿ ಎಂದುಕೊಂಡು ಮೊದಲು ನಕ್ಕಿದ್ದೆ. ಓದುತ್ತ ಹೋದಂತೆ ನಾಚಿಕೆಯಾಯಿತು. "ಕೂಸಿಗಿನ್ನೂ ಹೆಸರಿಟ್ಟಿರಲ್ಲ, ತಾಯಿ ಹೆಸರಲ್ಲೇ ಬರುತ್ತೆ. ಮಗು ರಕ್ತ ಅಮ್ಮನ ಚೀಟಿಗೆ ಹೋದೀತು, ಹುಟ್ಟಿದ ತಾರೀಖೂ ನೋಡಿ" ಎಂದು ಒಂದು ಕಡೆ. "ಇಲ್ಲಿ ನಾನೇ ಎರಡು ಸಲ ಎಡವಿದ್ದೀನಿ, ನೀವು ನಿಧಾನವಾಗಿ ಬನ್ನಿ" ಎಂದು ಇನ್ನೊಂದು ಕಡೆ. ಆಫೀಸಿನಲ್ಲಿ ಕನ್ನಡ ಆಡಲು ಯಾರೂ ಇಲ್ಲದೆ, ಮುಂದೆ ಬರುವವರ ಜೊತೆ ಆಡಿಟ್ಟಿದ್ದೀರಿ ಎಂದು ಈಗ ನನ್ನ ನಂಬಿಕೆ. ತನ್ನ ತಪ್ಪನ್ನೂ ಹೀಗೆ ಬರೆದಿಡುವ ಎದೆಗಾರಿಕೆ ನನಗಂತೂ ಇಲ್ಲ. ಮೇಧಕ್ಕ, ನಿಮ್ಮಂಥ ಕೆಲಸಗಾರರನ್ನು ನಾನು ಕಂಡಿಲ್ಲ.

ಮೊನ್ನೆ ಸಾಹೇಬರು ಕರೆದು, ಆ ಬದಲಾವಣೆ ನಿನ್ನ ಕೈಲಾಗುತ್ತದೋ ಇಲ್ಲವೋ ಎಂದು ಕೇಳಿದರು. ಕೈಲಾದರೆ ಏಪ್ರಿಲಿನಿಂದ ಕೆಲಸ ಖಾಯಂ, ಆಗದಿದ್ದರೆ ಈ ತಿಂಗಳಿಗೇ ಮುಗಿಯಿತು. ನಾನು ತಲೆ ತಗ್ಗಿಸಿ, ಆಗುವುದಿಲ್ಲ, ಮಾಡಿದವರನ್ನೇ ಕರೆಸಿ ಎಂದೆ. ಮುಖ ಹುಳ್ಳಗೆ ಮಾಡಿಕೊಂಡು ಒಪ್ಪಿದರು. ಈ ವಾರ ಲೇಕ್ ಗಾರ್ಡನ್ಸಿಗೆ, ನಿಮ್ಮ ಮನೆಗೇ ಬರುತ್ತಾರೆ. ಸಿಟ್ಟಿನಲ್ಲಿ ಬಾಗಿಲು ಹಾಕಬೇಡಿ. ಟೀ ಕೊಟ್ಟು, ಬೇಕಾದಷ್ಟು ಹೊತ್ತು ಕಾಯಿಸಿ, ಆಮೇಲೆ ಒಪ್ಪಿಕೊಳ್ಳಿ.

ನನ್ನ ಚಿಂತೆ ಬೇಡ. ಸಿಯಾಲ್ದಾದ ಹತ್ತಿರ ಒಂದು ಕಂಪ್ಯೂಟರ್ ತರಬೇತಿ ಶಾಲೆಯಲ್ಲಿ ಕೇಳಿಟ್ಟಿದ್ದೇನೆ.

ಇತಿ,
ನಿಮ್ಮ ಟಿಪ್ಪಣಿಗಳಿಂದ ಕೆಲಸ ಕಲಿತ
ಸುಲೋಚನಾ

ತಾ.ಕ.: ಸಾಹೇಬರಿಗೆ ಹೇಳಿದ್ದನ್ನೇ ನಿಮಗೂ ಹೇಳಿ ಮುಗಿಸಲು ಮನಸ್ಸು ಬರಲಿಲ್ಲ. ಆ ಬದಲಾವಣೆ ಮಾಡಿ ಮುಗಿಸಿ ಮೂರು ವಾರವಾಯಿತು. ಪರೀಕ್ಷಿಸಿಯೂ ನೋಡಿದ್ದೇನೆ, ಒಂದು ವರದಿಯೂ ತಪ್ಪಿಲ್ಲ. ನೀವು ಅಷ್ಟು ಚೆನ್ನಾಗಿ ಹೇಳಿಕೊಟ್ಟ ಮೇಲೆ ಯಾರಿಗಾದರೂ ಬರುತ್ತದೆ, ಅದು ಸಾಹೇಬರಿಗೆ ತಿಳಿದರೆ ನಿಮಗೇ ಮುಳುವು. ಕಂಪ್ಯೂಟರಿನಲ್ಲಿ ನಿಮ್ಮ ಹೆಸರಿನ ಫೋಲ್ಡರಿನಲ್ಲಿ ಇಟ್ಟಿದ್ದೇನೆ. ಒಂದು ವಾರ ತಡೆದು, ನೀವೇ ಮಾಡಿದ್ದೆಂದು ಕೊಡಿ.