ಅತ್ತೆಯ ತೋಳಿನ ಬಳ್ಳಿ

ಮಾರ್ಚ್ ೧೪, ಶುಕ್ರವಾರ. ಹೆಣಿಗೆ ಕಾರ್ಖಾನೆ, ಮಾದರಿ ವಿಭಾಗ, ಊಟದ ಬಿಡುವು.

ಅತ್ತೆಯವರಿಗೆ ನಮಸ್ಕಾರ.

ನಿಮ್ಮ ಹಚ್ಚೆಯ ಬಳ್ಳಿಯನ್ನು ನೋಡಿ ಹೆಣೆದ ಸ್ವೆಟರ್ ಇವತ್ತು ಒಪ್ಪಿಗೆಯಾಯಿತು. ನನ್ನ ಕೆಲಸ ಕಾಯಂ ಮಾಡುವ ಮಾತನ್ನೂ ಎತ್ತಿದ್ದಾರೆ. ಮೊದಲು ಮೇಜಿನ ಮೇಲೆ ಹಾಸಿದಾಗ ಮೇಲ್ವಿಚಾರಕರು, "ಇದೇನಮ್ಮ, ಬಳ್ಳಿಯೋ ಎರೆಹುಳುವೋ?" ಎಂದರು. ನಾನು ಅದನ್ನು ತೊಟ್ಟುಕೊಂಡೆ. ತೋಳು ತುಂಬಿದ ಕೂಡಲೇ ಹೆಣಿಗೆ ಹಿಗ್ಗಿ, ಎಲೆಗಳೆಲ್ಲ ಬಿಚ್ಚಿಕೊಂಡವು.

ಈ ಉಪಾಯ ಕಲಿತದ್ದು ನಿಮ್ಮಿಂದ. ಯಾರೋ ಆಡಿಕೊಂಡರೆಂದು ನಲವತ್ತು ವರ್ಷ ರವಿಕೆಯ ಉದ್ದ ತೋಳಿನೊಳಗೆ ಮುಚ್ಚಿಟ್ಟಿದ್ದ ಹಚ್ಚೆಯನ್ನು, ಅಡುಗೆಮನೆಯ ಬಾಗಿಲು ಹಾಕಿ ನನಗೊಬ್ಬಳಿಗೆ ತೋರಿಸಿದಿರಿ. ಹೆಣಿಗೆಯ ಲೆಕ್ಕಕ್ಕೆಂದು ಸುಕ್ಕಿನ ನಡುವೆ ಅದರ ಚುಕ್ಕೆ ಎಣಿಸಲಾಗದೆ ನಾನು ತಡವರಿಸಿದಾಗ, "ಮುದುಕಿ ಚರ್ಮ ಕಣೇ, ಇಸ್ತ್ರಿ ಹಾಕ್ಕೊಂಡು ನೋಡು" ಎಂದು ನಕ್ಕು, ಎರಡು ಬೆರಳಿನಿಂದ ಚರ್ಮವನ್ನು ಎಳೆದು ಹಿಡಿದಿರಿ. ಮುನ್ನೂರ ಹನ್ನೆರಡು ಚುಕ್ಕೆ ಮುಗಿಯುವವರೆಗೂ ಬಿಡಲಿಲ್ಲ. ಅವತ್ತು ನಿಮಗೆ ಕೈ ನೋಯುತ್ತದೆಯೇ ಎಂದು ಕೇಳುವುದು ನನಗೆ ಹೊಳೆಯಲೇ ಇಲ್ಲ.

ಈಗ ಪ್ರತಿ ಸ್ವೆಟರಿಗೂ ಕಟ್ಟುವ ಚೀಟಿಯ ಮೇಲೆ ಹಾಕಲು ನಿಮ್ಮ ತೋಳಿನ ಫೋಟೊ ಬೇಕಂತೆ. ಅದು ಸಿಕ್ಕರೆ ಮಾತ್ರ ಕೆಲಸ ಕಾಯಂ ಎಂಬಂತೆ ಮಾತಾಡಿದರು. ಕೇಳಿದರೆ ನನ್ನ ಮುಖ ನೋಡಿ ನೀವು ಹೂಂ ಅಂದುಬಿಡುತ್ತೀರಿ. ಅದಕ್ಕೇ ಕೇಳುತ್ತಿಲ್ಲ, ತಿಳಿಸುತ್ತಿದ್ದೇನೆ ಅಷ್ಟೆ.

ನಿಮ್ಮ ತೋಳಿನ ಅಳತೆ ಬರೆದು ಕಳಿಸಿ. ನಿಮಗೊಂದು ಸ್ವೆಟರ್ ಹೆಣೆಯಲು ಮೈಗೆ ಚುಚ್ಚದ ನೂಲು ಎತ್ತಿಟ್ಟಿದ್ದೇನೆ.

ಫೋಟೊ ಇಲ್ಲ ಎಂದು ಸೋಮವಾರ ಬೆಳಿಗ್ಗೆ ಮೇಲ್ವಿಚಾರಕರಿಗೆ ಹೇಳುತ್ತೇನೆ.

ನಿಮ್ಮ ಸೊಸೆ